ಎಳ್ಳು ಹಚ್ಚಿದ ರೊಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಆ ರೊಟ್ಟಿ ಬಡಿದವಳು ನಾನೇ. ಗಿರಣಿಯವನದು ತಪ್ಪಿಲ್ಲ, ಹೊಲ ಮಾಡುವ ಶಟ್ಟೆಪ್ಪನದು ತಪ್ಪಿಲ್ಲ, ನನ್ನ ಮಗಳು ಸಪ್ನಾಳದಂತೂ ಏನೇನೂ ಇಲ್ಲ. ಮನೋಳಿಯ ಸಾಲೆಯಲ್ಲಿ ಮೂವತ್ತೊಂದು ವರ್ಷ ಅಕ್ಕೋರಾಗಿದ್ದ ಸಿದ್ದಲಿಂಗವ್ವ ನಾನು. ಊರಿಗೆಲ್ಲ ಬುದ್ಧಿ ಹೇಳಿದವಳು. ನನಗೆ ಬುದ್ಧಿ ಹೇಳಲು ಬಂದವರ ಮಾತನ್ನು ಕೇಳಿದ್ದು ಕಡಿಮೆ.

ನಮ್ಮವರು ತೀರಿಕೊಂಡ ಮೇಲೆ ಎರಡು ಎಕರೆ ಹೊಲವನ್ನು ಶಟ್ಟೆಪ್ಪ ಪಾಲಿಗೆ ಮಾಡುತ್ತ ಬಂದಿದ್ದಾನೆ. ಸಪ್ನಾ ಬಸುರಿ ಎಂದು ಅವಳ ಗಂಡನ ಮನೆ ಮುರಗೋಡದಿಂದ ಸುದ್ದಿ ಬಂದ ದಿನವೇ ಅವನನ್ನು ಕರೆಸಿ, ಈ ಮುಂಗಾರಿಗೆ ಜವಾರಿ ಸಜ್ಜಿ ಹಾಕು ಎಂದು ಹೇಳಿದ್ದೆ. ಸಜ್ಜೆ ಬಾಣಂತಿಯ ಮೈಗೆ ಕಾವು ಕೊಡುತ್ತದೆ, ಎದೆಗೆ ಹಾಲು ಇಳಿಸುತ್ತದೆ. ನಮ್ಮತ್ತೆ ನನಗೆ ಅದನ್ನೇ ತಿನ್ನಿಸಿದ್ದರು. ಆದರೆ ತೆನೆ ಹೂವಾಡುವ ಹೊತ್ತಿಗೆ ಸರಿಯಾಗಿ ಎರಡು ವಾರ ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿಯಿತು. ರಾಶಿ ಆದ ಮೇಲೆ ಶಟ್ಟೆಪ್ಪ ಒಂದು ಚೀಲ ತಂದು ಪಡಸಾಲೆಯಲ್ಲಿ ಇಳಿಸಿದ. ಇಳಿಸಿದವನು ಹೋಗಲಿಲ್ಲ, ತಲೆ ಕೆರೆಯುತ್ತ ನಿಂತ.

"ಅಕ್ಕೋರ, ಈ ಸಲ ತೆನಿಗೆ ಜೇನ ಇಳದಿತ್ತರಿ. ಮುಟ್ಟಿದ್ರ ಕೈಗೆ ಅಂಟತಿತ್ತು. ಕಾಳಿನ್ಯಾಗ ಕರೀವು ಭಾಳ ಬಂದಾವು. ಉಪ್ಪಿನ ನೀರಾಗ ಹಾಕಿ, ಮ್ಯಾಲ ತೇಲಿದ್ದನ್ನ ಬಳದು ಚೆಲ್ಲಿಬಿಡ್ರಿ. ನಮ್ಮಪ್ಪ ಹಂಗ ಮಾಡತಿದ್ದ."

"ಬಾಣಂತಿ ಕಾಳಿಗೆ ನೀರ ಮುಟ್ಟಸ್ತಾರೇನೋ? ಕೂಸಿಗೆ ಥಂಡಿ ಆಗಲಿ ಅಂತೀಯೇನು?"

"ಎರಡ ದಿನ ಬಿಸಲಾಗ ಒಣಗಸ್ರಿ, ಏನೂ ಆಗೂದಿಲ್ಲ."

"ನನಗ ಕಲಸಾಕ ಬರಬ್ಯಾಡ. ಕೈಲೆ ಆರಸ್ತೇನಿ, ಹೋಗು."

"ಆತ್ರಿ. ನಾ ಹೇಳೂದು ಹೇಳೇನಿ," ಎಂದು ಅವನು ಮೆಟ್ಟು ಹಾಕಿಕೊಂಡು ಹೋದ.

ನಮ್ಮ ಮನೆಯಲ್ಲಿ ಅದೊಂದು ಕಟ್ಟು. ಬಾಣಂತಿಗೆಂದು ತೆಗೆದಿಟ್ಟ ಕಾಳಿಗೆ ಗಿರಣಿಗೆ ಹೋಗುವವರೆಗೆ ಒಂದು ಹನಿ ನೀರು ತಾಗಬಾರದು. ತೊಯ್ದ ಕಾಳು ತಂಪು, ಆ ತಂಪು ಹಾಲಿನೊಳಗಿಂದ ಕೂಸಿಗೆ ಹೋಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಸಾಲೆಯಲ್ಲಿ ನೀರು ಕಾಯಿಸಿ ಆರಿಸಿ ಕುಡಿಯಿರಿ, ಉಗುರು ಕತ್ತರಿಸಿ ಎಂದು ಮಕ್ಕಳ ಕಿವಿ ಹಿಂಡಿದವಳು ನಾನು. ಮನೆಗೆ ಬಂದರೆ ಮಾತ್ರ ನಮ್ಮತ್ತೆಯ ಸೊಸೆ.

ಎರಡು ದಿನ ಅಂಗಳದಲ್ಲಿ ಕುಳಿತು, ಚಷ್ಮಾ ಹಾಕಿಕೊಂಡು, ಮೊರದಲ್ಲಿ ಕಾಳು ಹಸನು ಮಾಡಿದೆ. ದಪ್ಪ ಕರಿಯವು ಕೈಗೆ ಸಿಕ್ಕವು. ಕಾಳಿನಷ್ಟೇ ಇದ್ದವು, ಮುರಿದು ನುಚ್ಚಾದವು ಸಿಗಲಿಲ್ಲ. ಬೆನ್ನು ಹಿಡಿದುಕೊಂಡಿತು. ಇಷ್ಟರಿಂದ ಏನಾಗುತ್ತದೆ ಎಂದು ಮೊರ ಕೊಡವಿ ಎದ್ದೆ. ಆರಿಸಿದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಒಂದು ಚೀಲದಲ್ಲಿ ತುಂಬಿ ಎಮ್ಮೆಗೆಂದು ಇಟ್ಟೆ.

ಜನವರಿ ಎರಡಕ್ಕೆ ಸವದತ್ತಿಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ಮೂರು ಕಿಲೋಕ್ಕೆ ಸ್ವಲ್ಪ ಕಡಿಮೆ, ತಲೆ ತುಂಬ ಕೂದಲು. ಮನೆಗೆ ಬಂದ ಮೊದಲ ವಾರ ಸಪ್ನಾಳಿಗೆ ಹಾಲು ಎಷ್ಟೆಂದರೆ ದಿನಕ್ಕೆ ಮೂರು ಕುಪ್ಪಸ ತೊಯ್ಯುತ್ತಿದ್ದವು. ಕೂಸು ಕುಡಿದು ಕುಡಿದು ತುಟಿಯಂಚಿಗೆ ಹಾಲು ಹರಿಸಿಕೊಂಡು ಮಲಗುತ್ತಿತ್ತು.

ಸಜ್ಜೆ ಹಿಟ್ಟಿನ ಡಬ್ಬಿಯ ಮುಚ್ಚಳ ಮೊದಲು ತೆಗೆದದ್ದು ಭೋಗಿಯ ದಿನ. ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಲ್ಲದ ಮನೆ ನಮ್ಮ ಕಡೆ ಇಲ್ಲ. ನಮ್ಮಲ್ಲಿ ಕರಿ ಎಳ್ಳು. ಹಿಟ್ಟು ನಾದುವಾಗ ಅಲ್ಲಲ್ಲಿ ಕಪ್ಪು ಚುಕ್ಕೆ ಕಂಡವು, ಖರೆ. ಮೇಲೆ ಮುಷ್ಟಿ ಎಳ್ಳು ಉದುರಿಸಿ ಬಡಿದೆ. ಹಂಚಿನ ಮೇಲೆ ಹಾಕಿದಾಗ ಯಾವುದು ಎಳ್ಳು, ಯಾವುದು ಕರಿಕಾಳು ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ನಾನೂ ಒಂದು ತಿಂದೆ. ಸಂಜೆ ಸ್ವಲ್ಪ ತಲೆ ತಿರುಗಿತು, ಹಬ್ಬದ ಊಟ ಹೆಚ್ಚಾಯಿತು ಅಂದುಕೊಂಡೆ. ಮರುದಿನದಿಂದ ನಾನು ಜೋಳದ ರೊಟ್ಟಿಗೆ ಇಳಿದೆ. ಸಜ್ಜೆ ಇದ್ದದ್ದೇ ಒಂದು ಚೀಲ, ಅದು ಮಗಳಿಗೆ ಮೀಸಲು. ದಿನಕ್ಕೆ ನಾಲ್ಕು ರೊಟ್ಟಿ, ಬೆಳ್ಳುಳ್ಳಿ, ಸಬ್ಬಸಿಗೆ ಪಲ್ಯ. ಹಬ್ಬ ಮುಗಿದರೂ ಎಳ್ಳು ಬಿಡಲಿಲ್ಲ, ಎಳ್ಳೂ ಹಾಲಿಗೆ ಒಳ್ಳೆಯದು.

ಮೂರನೆಯ ದಿನಕ್ಕೆ ಸಪ್ನಾ ತಟ್ಟೆ ಸರಿಸಿದಳು.

"ಅವ್ವಾ, ಈ ರೊಟ್ಟಿ ಬ್ಯಾಡ. ವಾಕರಿಕಿ ಬರತೈತಿ. ಕಣ್ಣ ತಗದ್ರ ಮನಿ ತಿರಗಿದಂಗ ಆಗತೈತಿ."

"ಹಸಿ ಮೈ, ಹಂಗ ಆಗತೈತಿ. ತಿನ್ನು."

"ಅನ್ನ ಕೊಡ."

"ಅನ್ನ ತಿಂದ್ರ ಹಾಲ ಎಲ್ಲಿಂದ ಬರಬೇಕು? ನಿನ್ನ ಸಲುವಾಗಿ ಅಲ್ಲ, ಕೂಸಿನ ಸಲುವಾಗಿ ತಿನ್ನ."

ಕೂಸಿನ ಹೆಸರು ಹೇಳಿದರೆ ಅವಳು ವಿಷವನ್ನಾದರೂ ತಿನ್ನುತ್ತಿದ್ದಳು. ತಿಂದಳು. ಒಮ್ಮೆ ಕಕ್ಕಿದಳು, ಬಾಯಿ ತೊಳೆಸಿ ಮತ್ತೆ ತಿನ್ನಿಸಿದೆ. ಹಗಲೆಲ್ಲ ತೂಕಡಿಕೆ. ಐದನೆಯ ದಿನಕ್ಕೆ ಕುಪ್ಪಸ ತೊಯ್ಯುವುದು ನಿಂತಿತು. ಹಾಲು ಕಡಿಮೆಯಾಯಿತು ಎಂದು ನಾನು ಏನು ಮಾಡಿದೆ? ನಾಲ್ಕು ರೊಟ್ಟಿ ಇದ್ದದ್ದನ್ನು ಆರು ಮಾಡಿದೆ.

ಕೂಸು ಎರಡು ದಿನ ಚೀರಾಡಿತು. ಆಮೇಲೆ ಅಳುವುದನ್ನು ಬಿಟ್ಟಿತು. ಮಲಗಿದರೆ ಏಳದು. ನಾನು ಮೂರ್ಖಿ, ಶಾಂತ ಕೂಸು ಎಂದು ಪಕ್ಕದ ಮನೆಯವರ ಮುಂದೆ ಹೊಗಳಿಕೊಂಡೆ.

ಆಶಾ ಕಾರ್ಯಕರ್ತೆ ಮಂಜುಳಾ ತೂಕ ನೋಡಲು ಬಂದವಳು ಕೂಸನ್ನು ತಕ್ಕಡಿಯಿಂದ ಇಳಿಸಲೇ ಇಲ್ಲ, ಮುಳ್ಳನ್ನೇ ನೋಡುತ್ತ ನಿಂತಳು. ಹುಟ್ಟಿದಾಗಿನದಕ್ಕಿಂತ ಕಡಿಮೆ ಇತ್ತು.

"ಅಕ್ಕೋರ, ಇವತ್ತ ದವಾಖಾನಿಗೆ ಒಯ್ಯೂಣು. ಇಲ್ಲಾಂದ್ರ ಡಬ್ಬಿ ಹಾಲರ ಚಾಲೂ ಮಾಡ್ರಿ."

ತಾಯಿಯ ಹಾಲಿನ ಬಗ್ಗೆ ನಾನು ಪ್ರತಿ ಆಗಸ್ಟಿನ ಸ್ತನ್ಯಪಾನ ಸಪ್ತಾಹಕ್ಕೆ ಅಂಗನವಾಡಿಯಲ್ಲಿ ನಿಂತು ಭಾಷಣ ಮಾಡಿದವಳು. ಡಬ್ಬಿ ಹಾಲು ಕೊಡುವ ತಾಯಂದಿರನ್ನು ಹೆಸರು ಹಿಡಿದು ಬೈದವಳು. ನನ್ನ ಮನೆಯೊಳಗೆ ಆ ಡಬ್ಬಿ ಬರುವುದೇ?

"ಎರಡ ದಿನ ನೋಡೂಣು," ಎಂದೆ.

ಆ ಎರಡು ದಿನಗಳನ್ನು ಯಾರ ಹತ್ತಿರ ವಾಪಸು ಕೇಳಲಿ?

ಎರಡನೆಯ ದಿನ ಬೆಳಿಗ್ಗೆ ನನಗೂ ಭಯ ಹತ್ತಿತು. ಎಮ್ಮೆಯ ಹಾಲನ್ನೇ ನೀರು ಬೆರೆಸಿ ಕೊಡೋಣವೆಂದು ಹಿಂಡಲು ಕುಳಿತೆ. ಈದು ಎರಡೇ ತಿಂಗಳಾದ ಎಮ್ಮೆ, ಚರಿಗೆ ತುಂಬ ಕೊಡುವಂಥದ್ದು, ಕೆಲವು ದಿನಗಳಿಂದ ಇಳಿಸುತ್ತ ಬಂದಿತ್ತು. ಅವತ್ತು ಅರ್ಧ ಲೋಟವೂ ಆಗಲಿಲ್ಲ. ದೃಷ್ಟಿಯಾಯಿತು ಎಂದು ಎಮ್ಮೆಗೂ ಮಗಳಿಗೂ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಉಪ್ಪು ನನ್ನ ಕೈಯಲ್ಲೇ ಇತ್ತು ನೋಡಿ. ಕಾಳಿಗೆ ಹಾಕು ಎಂದರೆ ಹಾಕಲಿಲ್ಲ, ಒಲೆಗೆ ಹಾಕಿದೆ.

ಕೊನೆಗೆ ಮಧ್ಯಾಹ್ನ ದವಾಖಾನೆಗೆ ಹೊರಟೆವು. ಸವದತ್ತಿಯ ದಾರಿಯಲ್ಲಿ, ಟಂಟಂ ಗಾಡಿಯಲ್ಲಿ, ಸಪ್ನಾಳ ತೊಡೆಯ ಮೇಲೆ ಕೂಸು ಹೋಯಿತು. ದವಾಖಾನೆ ಎದುರಿಗೇ ಕಾಣುತ್ತಿತ್ತು. ಹೆಸರಿಡುವುದನ್ನು ತಿಂಗಳಿಗೆ ಇಟ್ಟುಕೊಂಡಿದ್ದೆವು, ಹೆಸರಿಲ್ಲದೇ ಮಣ್ಣಿಗೆ ಹೋಯಿತು.

ಬೀಗತಿ ಯಲ್ಲವ್ವ ಮುರಗೋಡದಿಂದ ಬಂದವಳು ಮಣ್ಣು ಕೊಟ್ಟು ಬಂದ ಮೇಲೂ ಉಳಿದಳು. ಕೆಟ್ಟ ಹೆಂಗಸಲ್ಲ, ಮೊಮ್ಮಗಳಿಗೆಂದು ಬೆಳ್ಳಿ ಕಾಲ್ಗಡಗ ಮಾಡಿಸಿಟ್ಟವಳು. ಎದೆಯೊಳಗಿನ ಬೆಂಕಿಯನ್ನು ಯಾರ ಮೇಲಾದರೂ ಸುರಿಯಬೇಕಲ್ಲ? ಸಪ್ನಾಳ ಮೇಲೆ ಸುರಿದಳು.

"ನಮ್ಮ ಮನಿತನದಾಗ ಹಾಲಿಲ್ಲದ ಬಾಣಂತಿನ ನಾ ನೋಡಿಲ್ಲ."

ಸಾವಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನೆರೆಯವರು ತಂದ ಜೋಳದ ರೊಟ್ಟಿ, ಬೇಳೆ ಸಾರು ಊಟ. ಐದನೆಯ ದಿನ ಸಪ್ನಾ ಸ್ನಾನಕ್ಕೆಂದು ಎದ್ದಳು. ಕುಪ್ಪಸ ತೊಯ್ದಿತ್ತು. ಹಾಲು ಬಂದಿತ್ತು. ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಅವಳು ಗೋಡೆಗೆ ಆತು ಕುಳಿತುಬಿಟ್ಟಳು. ಯಲ್ಲವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಕೂಸಿಗೆ ಕೊಡಲಿಲ್ಲ, ಈಗ ಬಂತೇನು? ಇದೆಂಥಾ ಹೆಣ್ಣ ನನ್ನ ಮಗನಿಗೆ ಕಟ್ಟೀರಿ, ಅಕ್ಕಾರ?"

ಅವತ್ತೇ ಗಂಟು ಕಟ್ಟಿಕೊಂಡು ಹೋದಳು. ಮಗ ಸಂಜುವನ್ನು ಕರೆದುಕೊಂಡು ರವಿವಾರ ಬರುತ್ತೇನೆ, ಇವಳನ್ನು ಕರೆದೊಯ್ಯುವುದೋ ಬಿಡುವುದೋ ಅವತ್ತು ಹಿರಿಯರ ಮುಂದೆ ತೀರ್ಮಾನವಾಗಲಿ ಎಂದಳು.

ಶುಕ್ರವಾರ ಎಮ್ಮೆಯನ್ನು ನೋಡಲು ದನದ ಡಾಕ್ಟರ್ ಗುರುನಾಥ ಬಂದ. ನನ್ನ ಹತ್ತಿರವೇ ಅಕ್ಷರ ತಿದ್ದಿದವನು. ಕೆಚ್ಚಲು ಹಿಸುಕಿದ, ಜ್ವರ ನೋಡಿದ, ಆಮೇಲೆ ಗೋದಲಿಯೊಳಗೆ ಕೈ ಹಾಕಿ ತಳದ ನುಚ್ಚನ್ನು ಬಾಚಿ ಅಂಗೈ ಮೇಲೆ ಹರವಿಕೊಂಡ.

"ಅಕ್ಕೋರ, ಇದು ಕಾಳಲ್ಲ. ಬೂಸಲು. ಕಾಳಿನ ಜಾಗಾದಾಗ ಬೆಳದಿದ್ದು. ಇದನ್ನ ತಿಂದ ದನದ ಕೆಚ್ಚಲ ಬತ್ತತಾವ."

ಅವನು ಕಾಲೇಜಿನಲ್ಲಿ ಓದಿದ್ದನ್ನು ಹೇಳುತ್ತ ಹೋದ. ಯುರೋಪಿನಲ್ಲಿ ಇದರ ಅಣ್ಣತಮ್ಮನಂಥದ್ದು ಅಲ್ಲಿಯ ಕಾಳಿನಲ್ಲಿ ಬೆಳೆದು, ಆ ರೊಟ್ಟಿ ತಿಂದು ಊರಿಗೆ ಊರೇ ಬಿದ್ದದ್ದು. ಮೈಯೊಳಗೆ ಬೆಂಕಿ ಬಿದ್ದಂತೆ ಒದ್ದಾಡಿದ್ದು, ಕೈಕಾಲು ಕರ್ರಗಾಗಿ ಕಳಚಿದ್ದು, ಬಸುರಿಯರ ಗರ್ಭ ಇಳಿದದ್ದು. ಕಾರಣ ತಿಳಿಯದೆ ದೇವರ ಸಿಟ್ಟು ಎಂದರಂತೆ. ಎಲ್ಲೋ ಕೆಲವು ಕಡೆ ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಕೊಂದದ್ದರ ಹಿಂದೆಯೂ ಇದೇ ಇತ್ತೆಂದು ಕೆಲವರು ಬರೆದಿದ್ದಾರಂತೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲು ಕೊಡುವ ಒಂದು ಸೂಜಿಮದ್ದು ಬಂದದ್ದೂ ಆ ಬೂಸಲಿನಿಂದಲೇ. ನಮ್ಮ ಸಜ್ಜೆಯದು ಕೈಕಾಲು ಕೀಳುವುದಿಲ್ಲ, ವಾಂತಿ, ತಲೆಸುತ್ತು, ನಿದ್ದೆ ತರುತ್ತದೆ. ನಮ್ಮ ದೇಶದಲ್ಲೇ ಉತ್ತರದ ಕಡೆ ಹಿಂದೆ ಹಳ್ಳಿಗಳೇ ಹಾಗೆ ಮಲಗಿದ್ದವಂತೆ.

"ತಿನ್ನೂದು ಬಿಟ್ರ?"

"ಬಿಟ್ರ ಇಳೀತೈತ್ರಿ. ಎಮ್ಮಿ ಹಾಲೂ ತಿರಗಿ ಬರಬಹುದು."

"ಮನಷಾರದು?"

ಗುರುನಾಥ ನನ್ನ ಮುಖ ನೋಡಿದ. ಊರಿನ ಸುದ್ದಿ ಅವನಿಗೆ ಗೊತ್ತಿರದೆ ಏನು? ಅಂಗೈಯನ್ನು ನಿಧಾನವಾಗಿ ಮುಚ್ಚಿದ.

"ನಾ ದನದ ಡಾಕ್ಟರ್ ಅಕ್ಕೋರ. ಮನಷಾರದು ಇಂಥಾದ್ದ ಅಂತ ಹೇಳಾಕ ನನಗ ಬರೂದಿಲ್ಲ."

ನನಗೆ ಹೇಳಲು ಬರುತ್ತಿತ್ತು. ರೊಟ್ಟಿ ಶುರುವಾಯಿತು, ಹಾಲು ಹೋಯಿತು. ರೊಟ್ಟಿ ನಿಂತಿತು, ಹಾಲು ಬಂತು. ಇಷ್ಟು ಲೆಕ್ಕವನ್ನು ಎರಡನೆಯ ಇಯತ್ತೆಯ ಹುಡುಗರೂ ಬಿಡಿಸುತ್ತಾರೆ.

ಎರಡು ದಿನ ಬಾಯಿ ಮುಚ್ಚಿಕೊಂಡೇ ಇದ್ದೆ, ಸುಳ್ಳು ಯಾಕೆ ಹೇಳಲಿ? ಗುರುನಾಥ ಬಾಯಿ ಬಿಡುವವನಲ್ಲ. ಹಿಟ್ಟನ್ನು ತಿಪ್ಪೆಗೆ ಸುರಿದರೆ ಮುಗಿಯಿತು. ಮಗಳಿಗೆ ಇನ್ನೊಂದು ಕೂಸು ಆದೀತು. ನನ್ನನ್ನು ಮಾತ್ರ ಅವಳು ಮತ್ತೆ ಅವ್ವಾ ಎಂದಾಳೇ? ಇದೇ ಯೋಚನೆ. ಆದರೆ ಮೂಲೆಯಲ್ಲಿ ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಕುಳಿತಿದ್ದ ಸಪ್ನಾ ಶನಿವಾರ ತಾನಾಗಿಯೇ ಬಾಯಿ ತೆರೆದಳು.

"ಅವ್ವಾ, ಅತ್ತಿ ಅನ್ನೂದು ಖರೇನ ಇರಬೇಕು. ನನ್ನ ಮೈಯಾಗ ಏನೋ ಕೆಟ್ಟದ್ದೈತಿ."

ನನ್ನ ತಪ್ಪನ್ನು ಅವಳು ತನ್ನ ಮೈಯ ಮೇಲೆ ಹಾಕಿಕೊಂಡಿದ್ದಳು. ಅಲ್ಲಿಗೆ ನನ್ನ ಜಂಬ ಮುರಿಯಿತು.

ರವಿವಾರ ಹತ್ತು ಗಂಟೆಗೆ ಸಂಜು, ಯಲ್ಲವ್ವ, ಇಬ್ಬರು ಹಿರಿಯರು ಪಡಸಾಲೆಯಲ್ಲಿ ಕುಳಿತರು. ಯಲ್ಲವ್ವ ಮಾತು ತೆಗೆಯುವ ಮೊದಲೇ ನಾನು ಹಿತ್ತಾಳೆ ಪಾತ್ರೆಯಲ್ಲಿ ನೀರು ತುಂಬಿ ತಂದು ನಡುವೆ ಇಟ್ಟೆ. ಎರಡು ಬೊಗಸೆ ಉಪ್ಪು ಹಾಕಿ ಕಲಕಿದೆ. ಚೀಲದ ತಳದಲ್ಲಿ ಉಳಿದ ಸಜ್ಜೆಯನ್ನು ಅದರೊಳಗೆ ಸುರಿದೆ. ಒಳ್ಳೆಯ ಕಾಳು ತಳಕ್ಕೆ ಕುಳಿತವು. ಕರಿಯವು ಒಂದೊಂದಾಗಿ ಮೇಲೆ ಬಂದು ನೀರು ಮುಚ್ಚಿದವು. ನಾನು ಎರಡು ದಿನ ಕುಳಿತು ಹಸನು ಮಾಡಿದ ಕಾಳು ಅದು.

"ನೋಡ್ರಿ, ಎಲ್ಲಾರೂ ನೋಡ್ರಿ. ಹುಡುಗಿ ಮೈಯಾಗ ಏನೂ ಇಲ್ಲ. ಇದನ್ನ ಬೀಸಿ, ಎಳ್ಳ ಹಚ್ಚಿ, ಒಂಬತ್ತ ದಿನ ನಾ ತಿನ್ನಿಸೇನಿ. ಇದನ್ನ ತಿಂದ ಎಮ್ಮೀದೂ ಬತ್ತೈತಿ, ಕೊಟ್ಟಿಗ್ಯಾಗ ಹೋಗಿ ನೋಡಿ ಬರ್ರಿ."

ಯಲ್ಲವ್ವ ಪಾತ್ರೆಯೊಳಗೆ ಬಗ್ಗಿದಳು. ಆಮೇಲೆ ಎದ್ದು ಹೋಗಿ ಸೊಸೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, "ನನ್ನ ಬಾಯಿಗೆ ಮಣ್ಣ ಬೀಳಲಿ, ಯವ್ವಾ," ಎಂದು ಅಳತೊಡಗಿದಳು. ಸಪ್ನಾ ಅಳಲಿಲ್ಲ. ಆ ಹಿಡಿತದೊಳಗಿಂದಲೇ ನನ್ನನ್ನು ನೋಡಿದಳು.

"ಉಪ್ಪಿನ ನೀರಿಂದು ನಿನಗ ಯಾರ ಹೇಳಿದ್ರು?"

"ಶಟ್ಟೆಪ್ಪ."

"ಯಾವಾಗ?"

"ಚೀಲ ತಂದಾಗ. ಕೂಸ ಹುಟ್ಟೂಕಿಂತ ಮೊದಲ."

"ರೊಟ್ಟಿ ಬ್ಯಾಡ ಅಂತ ನಾ ಅಂದಿದ್ದೆ."

"ಅಂದಿದ್ದಿ."

ಸಪ್ನಾ ಅತ್ತೆಯ ಕೈ ಬಿಡಿಸಿಕೊಂಡಳು. ಒಳಗೆ ಹೋಗಿ ಅರಿವೆ ತುಂಬಿಕೊಂಡಳು. ಸಂಜು ಚೀಲ ಎತ್ತಿಕೊಂಡ. ಹಿರಿಯರು ತೀರ್ಮಾನ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ತವರಿನಿಂದ ಹೊರಟ ಮಗಳನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಸುಕಿನಲ್ಲೇ ಎದ್ದು ಬಿಳಿ ಜೋಳದ ಹತ್ತು ರೊಟ್ಟಿ ಬಡಿದು, ನಂಜಿಕೊಳ್ಳಲು ಶೇಂಗಾ ಹಿಂಡಿ ಇಟ್ಟು, ಬುತ್ತಿ ಕಟ್ಟಿದ್ದೆ. ಹೊಸ್ತಿಲಲ್ಲಿ ಅವಳ ಕೈಗೆ ಕೊಟ್ಟೆ. ತೆಗೆದುಕೊಂಡಳು. ಜೀವ ಬಂದಂತಾಯಿತು.

ಆದರೆ ಅವಳು ಟಂಟಂ ಹತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿದಳು. ಮೇಲಿನ ರೊಟ್ಟಿ ತೆಗೆದು ಬಿಸಿಲಿಗೆ ಹಿಡಿದು ನೋಡಿದಳು. ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದಳು. ಬದಿಗಿಟ್ಟು ಎರಡನೆಯದು ತೆಗೆದಳು. ಹೀಗೆ ಹತ್ತನ್ನೂ ನೋಡಿದಳು. ಆಮೇಲೆ ಹತ್ತನ್ನೂ ಒಂದರ ಮೇಲೊಂದು ಜೋಡಿಸಿ, ಮೊದಲಿದ್ದಂತೆಯೇ ಗಂಟು ಕಟ್ಟಿ, ಕಟ್ಟೆಯ ಮೇಲೆಯೇ ಇಟ್ಟು ಹೋದಳು.

ಆ ರೊಟ್ಟಿಗಳಿಗೆ ನಾನು ಎಳ್ಳು ಹಚ್ಚಿರಲಿಲ್ಲ.