ಟೋಕನ್ ಅಕ್ಕನ ಜೋಡಿ ಕಾರು

ಟೋಕನ್ ಅಕ್ಕನ ಬಲಗೈ ಮುರಿದದ್ದು ಒಂದು ಪಿಕ್ಚರ್ ಟ್ಯೂಬಿನ ದೆಸೆಯಿಂದ. ಹಳೇ ಕಾಲದ ಆ ಗಾಜಿನ ಟ್ಯೂಬು ಒಳ್ಳೇ ಹಿಟ್ಟಿನ ಮೂಟೆಯಷ್ಟು ಭಾರ. ಅದನ್ನು ವಿಡಿಯೋ ಆಟದ ಮೆಷಿನ್ನಿನ ಹೊಟ್ಟೆಯೊಳಗಿಂದ ಹೊರಗೆ ತೆಗೆಯಲು ಇಬ್ಬರಾದರೂ ಬೇಕು. ಅಕ್ಕ ಯಾವತ್ತೂ ಇನ್ನೊಬ್ಬರನ್ನು ಕರೆದವಳಲ್ಲ, ಅವತ್ತೂ ಕರೆಯಲಿಲ್ಲ. ಟ್ಯೂಬು ಅರ್ಧ ಹೊರಗೆ ಬಂದಿತ್ತು, ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಟ್ಯೂಬನ್ನು ನೆಲಕ್ಕೆ ಬಿಡಲು ಮನಸ್ಸು ಒಪ್ಪದೆ ಆಕೆ ತನ್ನ ಕೈಯನ್ನೇ ಅಡಿಗೆ ಒಡ್ಡಿದಳು. ಟ್ಯೂಬು ಉಳಿಯಿತು, ಮಣಿಕಟ್ಟು ಉಳಿಯಲಿಲ್ಲ.

"ಅಲ್ಲ ಅತ್ತಿಗೆ, ಎಪ್ಪತ್ತು ದಾಟಿದವರು ಮಾಡೋ ಕೆಲಸವಾ ಇದು?" ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ತಮ್ಮನ ಹೆಂಡತಿ ತರಾಟೆಗೆ ತೆಗೆದುಕೊಂಡಳು. "ಆ ಡಬ್ಬದ ಕೆಳಗೆ ಸಿಕ್ಕಿ ನೀವು ಹೋಗಿಬಿಟ್ಟಿದ್ರೆ ಜನಕ್ಕೆ ಏನಂತ ಹೇಳ್ಬೇಕಿತ್ತು? ಕಾರ್ ಆಕ್ಸಿಡೆಂಟ್ ಅಂತಾನಾ?"

ವ್ಯಾನು ಓಡಿಸುತ್ತಿದ್ದ ತಮ್ಮ ನಗು ತಡೆದುಕೊಂಡ. ಅಕ್ಕನಿಗೆ ನಗು ಬರಲಿಲ್ಲ. ಯಾಕೆಂದರೆ ಟ್ಯೂಬು ಕಾರಿನ ಆಟದ್ದೇ ಆಗಿತ್ತು.

ಆ ಕಾರಿನ ಆಟ ಆಕೆಯ ಮೊದಲ ಮೆಷಿನ್ನು. ಹತ್ತೊಂಬತ್ತನೇ ವಯಸ್ಸಿಗೆ ಆಕೆ ಒಂದು ಸಿನಿಮಾ ಮಂದಿರದ ಕೆಳಗಿದ್ದ ವಿಡಿಯೋ ಗೇಮ್ ಹಾಲಿನಲ್ಲಿ ಕೆಲಸಕ್ಕೆ ಸೇರಿದ್ದಳು. ಗಾಜಿನ ಗೂಡಿನೊಳಗೆ ಕೂತು, ನೋಟು ತಗೊಂಡು ಹಿತ್ತಾಳೆಯ ಟೋಕನ್ ಕೊಡುವುದು ಕೆಲಸ. ಟೋಕನ್ ಅಕ್ಕ ಎಂಬ ಹೆಸರು ಅಲ್ಲಿಂದ ಅಂಟಿಕೊಂಡದ್ದು ಹೋಗಲೇ ಇಲ್ಲ. ಮನೆ ಮನೆಗೆ ಟೀವಿ ಆಟ ಬಂದು ಹಾಲು ಬಾಗಿಲು ಹಾಕಿದಾಗ ಯಜಮಾನರು, "ನಿಂಗೆ ಬೇಕಾದ್ದು ತಗೊಂಡೋಗಮ್ಮ, ಮಿಕ್ಕಿದ್ದು ಗುಜರಿಗೆ" ಅಂದರು. ಗೂಡಿನ ಎದುರಿಗೇ ಇದ್ದ ಕಾರಿನ ಮೆಷಿನ್ನನ್ನು ಆಕೆ ತಂದಳು. ಸೀಟು, ಸ್ಟೀರಿಂಗು, ಪೆಡಲು ಎಲ್ಲ ಇದ್ದ ದೊಡ್ಡ ಪೆಟ್ಟಿಗೆ. ಒಂದಿದೆಯಲ್ಲ ಎಂದು ಇನ್ನೊಂದು ಬಂತು. ಇನ್ನೊಂದಿದೆಯಲ್ಲ ಎಂದು ಮತ್ತೊಂದು. ಆಕೆ ಮದುವೆಯಾಗಲಿಲ್ಲ. ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತು ಅದರಲ್ಲೇ ಹೊಟ್ಟೆ ಹೊರೆದಳು. ಮನೆಯ ಹಿಂದಿನ ಶೆಡ್ಡು ಮೊದಲು ಇಸ್ತ್ರಿಯವರಿಗೆ ಬಾಡಿಗೆಗಿತ್ತು. ಈಗ ಅಲ್ಲಿ ಹತ್ತೊಂಬತ್ತು ಮೆಷಿನ್ನುಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು.

ಕೈಗೆ ಪಟ್ಟಿ ಬಿದ್ದ ಮೇಲೆ ಅಕ್ಕ ಶೆಡ್ಡಿಗೆ ಹೋಗಿ ಸುಮ್ಮನೆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಂದೊಂದಕ್ಕೂ ಒಂದೊಂದು ಕಾಯಿಲೆ. ಇದರ ಚಿತ್ರ ಉರುಳುತ್ತದೆ, ಅದರ ಸದ್ದು ಹೋಗಿದೆ, ಮೂಲೆಯದ್ದರ ಹಲಗೆ ಗೆದ್ದಲು ತಿಂದಿದೆ. ಹಿಂದೆ ಮೆಷಿನ್ನು ಎತ್ತಿ ಇಳಿಸಲು ಒಂದು ಗುಂಪೇ ಇತ್ತು. ಅದೇ ಹುಚ್ಚಿನವರು, ಕರೆದರೆ ಓಡಿ ಬರುವವರು. ಈಗ ಅವರಲ್ಲಿ ಒಬ್ಬನಿಗೆ ಬೆನ್ನು ಬಗ್ಗದು, ಒಬ್ಬ ಮಗಳ ಮನೆ ಸೇರಿದ, ಇಬ್ಬರು ತೀರಿಕೊಂಡರು. ತೀರಿಕೊಂಡವರ ಮೆಷಿನ್ನುಗಳು ಏನಾದವು ಎಂದು ಕೇಳುವ ಧೈರ್ಯ ಆಕೆಗೆ ಬಂದಿರಲಿಲ್ಲ.

ಕೊನೆಗೆ ಗಟ್ಟಿ ಮನಸ್ಸು ಮಾಡಿ ಹಳೇ ಸಾಮಾನಿನ ವ್ಯಾಪಾರಿಯನ್ನು ಕರೆಸಿದಳು. ಆತ ಶೆಡ್ಡಿನ ಉದ್ದಗಲ ಓಡಾಡಿ, ಬಾಗಿಲ ಹತ್ತಿರ ಬಂದು ನಿಂತ.

"ನೋಡಮ್ಮಾ, ಬೇಜಾರು ಮಾಡ್ಕೋಬೇಡಿ. ಹತ್ತು ವರ್ಷದ ಹಿಂದೆ ಆಗಿದ್ರೆ ಜನ ಕಿತ್ತಾಡಿ ತಗೊಳ್ತಿದ್ರು. ಈಗ ಎಲ್ಲರೂ ಮಾರೋರೇ, ಕೊಳ್ಳೋರು ಯಾರು? ಚಿಕ್ಕವರಿದ್ದಾಗ ಇದನ್ನ ಆಡಿದ್ರಲ್ಲ, ಅವರಿಗೇ ಈಗ ಮಂಡಿ ನೋವು. ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗ್ತಿದಾರೆ. ಒಳಗಿನ ಸರ್ಕ್ಯೂಟ್ ಬೋರ್ಡುಗಳನ್ನ ನಾನು ಒಯ್ತೀನಿ, ಪೆಟ್ಟಿಗೆ ಬೇಡ."

"ಪೆಟ್ಟಿಗೆ ಏನು ಮಾಡಲಿ?"

"ಸೌದೆ ಆಗುತ್ತೆ" ಅಂದ ಆತ. ಕೆಟ್ಟ ಮನುಷ್ಯನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಅಷ್ಟೆ. ಯೋಚನೆ ಮಾಡಿ ಹೇಳ್ತೀನಿ ಎಂದು ಆಕೆ ಅವನನ್ನು ಸಾಗಹಾಕಿದಳು. ಆ ದಿನ ಊಟ ಸೇರಲಿಲ್ಲ.

ಆ ವಾರವೇ ಫೋನು ಬಂತು. ಮಾತಾಡಿದವರು ಮೇಷ್ಟ್ರ ಹೆಂಡತಿ.

ಈ ಮೇಷ್ಟ್ರು ಸೇತುವೆಯಾಚೆ ಇದ್ದ ಇನ್ನೊಬ್ಬ ಸಂಗ್ರಹಗಾರ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅವರಿಗೂ ಅಕ್ಕನಿಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ. ಕಾರಣ ಅದೇ ಕಾರು. ಆ ಆಟ ಹುಟ್ಟಿದ್ದೇ ಜೋಡಿಯಾಗಿ. ಎರಡು ಮೆಷಿನ್ನು ಪಕ್ಕಪಕ್ಕ ಇಟ್ಟು, ನಡುವೆ ಒಂದು ಕೇಬಲ್ಲು ಸಿಕ್ಕಿಸಿದರೆ ಇಬ್ಬರು ಒಂದೇ ರಸ್ತೆಯಲ್ಲಿ ಪಂದ್ಯ ಕಟ್ಟಬಹುದು. ಹಾಲು ಮುಚ್ಚುವ ಹೊತ್ತಿಗೆ ಒಂದು ಅಕ್ಕನ ಪಾಲಾಯಿತು, ಅದರ ಜೊತೆಯದ್ದು ಕೈಯಿಂದ ಕೈಗೆ ದಾಟಿ ಮೇಷ್ಟ್ರ ಮನೆ ಸೇರಿತು. ನಿಮ್ಮದು ಕೊಡಿ ಎಂದು ಅವರು, ನಿಮ್ಮದೇ ಕೊಡಿ ಎಂದು ಈಕೆ. ಮೊದಮೊದಲು ನಯವಾಗಿಯೇ ನಡೆಯಿತು. ಒಂದು ದಿನ ಗುಜರಿ ಅಂಗಡಿಯಲ್ಲಿ ಎದುರಾದಾಗ ಮೇಷ್ಟ್ರು, "ಚಿಲ್ಲರೆ ಎಣಿಸ್ತಿದ್ದೋರಿಗೆ ಇದರ ಬೆಲೆ ಏನು ಗೊತ್ತು?" ಅಂದುಬಿಟ್ಟರು. "ಭೂಗೋಳ ಕಲಿಸಿದೋರಿಗೆ ಮನೆ ದಾರಿ ಗೊತ್ತಿರುತ್ತಲ್ಲ, ಹೊರಡಿ" ಎಂದು ಅಕ್ಕ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಅಲ್ಲಿಗೆ ಮಾತು ಮುಗಿದಿತ್ತು.

"ನಮ್ಮೋರು ನಿಮ್ಮನ್ನ ನೋಡ್ಬೇಕಂತೆ" ಅಂದರು ಮೇಷ್ಟ್ರ ಹೆಂಡತಿ. "ಅವರ ಬಾಯಲ್ಲಿ ಅದು ಬರಲ್ಲ. ಅದಕ್ಕೆ ನಾನು ಕೇಳ್ತಿದೀನಿ. ಬನ್ನಿ."

ಅಕ್ಕನಿಗೆ ತಟ್ಟನೆ ಒಂದು ಯೋಚನೆ ಹೊಳೆಯಿತು. ಸೌದೆಯಾಗುವ ಬದಲು ಹಗೆಯವನ ಮನೆ ಸೇರಿದರೂ ಸೈ. ತನ್ನ ಕಾರನ್ನು ಅವರಿಗೇ ಕೊಟ್ಟುಬಿಡುವುದು. ತಮ್ಮನ ವ್ಯಾನು ಹತ್ತುವಾಗ ಆಕೆ ಇದನ್ನು ಯಾರಿಗೂ ಹೇಳಲಿಲ್ಲ.

ಮೇಷ್ಟ್ರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಮೆಷಿನ್ನು, ಮಲಗುವ ಕೋಣೆಯಲ್ಲಿ ಮೆಷಿನ್ನು, ಬಚ್ಚಲಿನ ಪಕ್ಕದ ಸಂದಿಯಲ್ಲೂ ಒಂದು. ಮೇಷ್ಟ್ರು ಬಾಗಿಲಿಗೆ ಬಂದರು. ಅಕ್ಕನಿಗೆ ನೆನಪಿದ್ದ ಆಜಾನುಬಾಹು ಎಲ್ಲಿ, ಈ ಸೊರಗಿದ ಮನುಷ್ಯ ಎಲ್ಲಿ! ಎದೆಯ ಆಪರೇಷನ್ ಆಗಿತ್ತು. ನೀರಿನ ಕೊಡ ಕೂಡ ಎತ್ತಬೇಡಿ ಎಂದಿದ್ದರು ಡಾಕ್ಟರು. ಮುಂದಿನ ತಿಂಗಳು ಗಂಡಹೆಂಡತಿ ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಗೆ ಹೋಗುವವರಿದ್ದರು.

ಕಾಫಿ ಬಂತು, ಆರಿತು. ಮೇಷ್ಟ್ರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

"ಆಗ ನಿಮ್ಮ ಕಾರು ಕೇಳಿ ಕೇಳಿ ನಿಮ್ಮ ಜೀವ ತಿಂದೆ. ಈಗ ಹೇಳ್ತೀನಿ, ನನ್ನದು ನೀವೇ ತಗೊಳ್ಳಿ. ಜೋಡಿ ಒಂದು ಕಡೆ ಇದ್ರೆ ಸಾಕು."

ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. "ಮೇಷ್ಟ್ರೇ, ನನ್ನದು ನಿಮಗೆ ಕೊಡೋಣ ಅಂತ ನಾನು ಬಂದಿದ್ದು."

ಮೇಷ್ಟ್ರು ನಕ್ಕರು, ಎದೆಯ ಮೇಲೆ ಕೈಯಿಟ್ಟುಕೊಂಡು, ನೋಯುತ್ತಿದ್ದರೂ ನಕ್ಕರು. ಅಕ್ಕನಿಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ಮಾತ್ರ ಬರೀ ನಗುವಿನದ್ದಾಗಿರಲಿಲ್ಲ.

"ಆಯ್ತಾ ನಗೋದು?" ಎಂದರು ಮೇಷ್ಟ್ರ ಹೆಂಡತಿ. "ಈಗ ನನ್ನ ಮಾತು ಕೇಳಿ. ನಲವತ್ತು ವರ್ಷದಿಂದ ನಮ್ಮ ಮನೇಲಿ ಬಟ್ಟೆ ಒಗೆಯೋ ಮೆಷಿನ್ ಇಡೋಕೆ ಜಾಗ ಇಲ್ಲ. ಹಾಗಾಗಿ ಗಂಟು ಹೊತ್ಕೊಂಡು ಮೂಲೆ ಲಾಂಡ್ರಿಗೆ ಹೋಗ್ತೀನಿ. ಅಲ್ಲಿರೋ ಮೆಷಿನ್ನಿಗೆ ನಾವೇ ಬಟ್ಟೆ ಹಾಕಿ, ಮುಗಿಯೋವರೆಗೂ ಗೋಡೆ ನೋಡ್ತಾ ಕೂರಬೇಕು. ನಾನೊಬ್ಬಳೇ ಅಲ್ಲ, ಎಲ್ಲರೂ ಗೋಡೆ ನೋಡ್ತಾರೆ. ಲಾಂಡ್ರಿ ಹಿಂಭಾಗದ ಹಾಲಲ್ಲಿದ್ದ ಬಟ್ಟೆ ಒಣಗಿಸೋ ದೊಡ್ಡ ಡ್ರೈಯರ್‌ಗಳನ್ನ ತೆಗೆಸಿದ ಮೇಲೆ ಅಷ್ಟೂ ಜಾಗ ಖಾಲಿ ಬಿದ್ದಿದೆ. ನಾನು ಲಾಂಡ್ರಿಯೋಳ ಹತ್ರ ಒಂದು ಮಾತು ಹಾಕಿದೀನಿ."

"ಲಾಂಡ್ರೀಲಾ?" ಇಬ್ಬರು ಸಂಗ್ರಹಗಾರರೂ ಒಟ್ಟಿಗೇ ಉದ್ಗರಿಸಿದರು. ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ಒಂದೇ ಮಾತು ಬಂದದ್ದು ಅದೇ ಮೊದಲು.

ಅಕ್ಕ ಒಪ್ಪಲು ಹತ್ತು ದಿನ ಹಿಡಿಯಿತು. ಒದ್ದೆ ಕೈಯವರು ಮುಟ್ಟುತ್ತಾರೆ, ಮೇಲೆ ಬಕೆಟ್ ಇಡುತ್ತಾರೆ, ಗುಂಡಿಗಳನ್ನು ಗುದ್ದುತ್ತಾರೆ. ಎಲ್ಲವನ್ನೂ ತಮ್ಮ ಕೇಳಿಸಿಕೊಂಡ. "ಅಕ್ಕಾ, ಆ ಹಳೇ ಗೇಮ್ ಹಾಲಲ್ಲಿ ಗುದ್ದುತ್ತಿರಲಿಲ್ವಾ?" ಎಂದು ಮಾತ್ರ ಕೇಳಿದ. ಗುದ್ದುತ್ತಿದ್ದರು. ಗೂಡಿನ ಗಾಜಿನ ಹಿಂದಿನಿಂದ ಆಕೆ ಎಷ್ಟು ಸಲ ಗದರಿದ್ದಳೋ! ಹೊಡೆತ ತಿಂದೇ ಅವು ಅಷ್ಟು ವರ್ಷ ಬಾಳಿದ್ದವು. ಶೆಡ್ಡಿಗೆ ಬಂದ ಮೇಲೆ ಅವನ್ನು ಮುಟ್ಟಿದವಳು ಆಕೆ ಒಬ್ಬಳೇ.

ಜೋಡಿ ಕಾರು ಮೊದಲು ಹೋದವು, ಅಕ್ಕನದ್ದರ ಟ್ಯೂಬನ್ನು ತಮ್ಮ ಇನ್ನೊಬ್ಬರ ನೆರವಿನಿಂದ ಆಗಲೇ ಮತ್ತೆ ಒಳಗೆ ಕೂರಿಸಿದ್ದ. ಕೂಲಿಯವರು ಇಳಿಸಿ ಪಕ್ಕಪಕ್ಕ ನಿಲ್ಲಿಸಿದರು. ಮೇಷ್ಟ್ರು ಜೋಪಾನವಾಗಿಟ್ಟುಕೊಂಡಿದ್ದ ಕೇಬಲ್ಲನ್ನು ತಂದಿದ್ದರು. ಮೊದಲ ಸಲ ಸಿಕ್ಕಿಸಿದಾಗ ಏನೂ ಆಗಲಿಲ್ಲ. ತಿರುಗಿಸಿ ಸಿಕ್ಕಿಸಿದರು, ಆಗಲೂ ಇಲ್ಲ. ಲಾಂಡ್ರಿಯ ಮೆಷಿನ್ನುಗಳನ್ನು ನೋಡಿಕೊಳ್ಳುವ ಹೆಂಗಸು, ಎಲ್ಲರೂ ಮೆಕ್ಯಾನಿಕಮ್ಮ ಎನ್ನುವವಳು, ಆಚೆ ಪಂಪು ಬಿಚ್ಚುತ್ತಿದ್ದವಳು ಎದ್ದು ಬಂದಳು. "ತುದಿ ಕಪ್ಪಾಗಿದೆ ಅಲ್ವಾ?" ಎಂದು ಕೇಬಲ್ಲಿನ ಪಿನ್ನುಗಳನ್ನು ಉಜ್ಜಿ ಕೊಟ್ಟಳು. ಮೂರನೇ ಸಲ ಸಿಕ್ಕಿಸಿದಾಗ ಎರಡೂ ಪರದೆ ಒಟ್ಟಿಗೇ ಮಿನುಗಿದವು.

ಅಕ್ಕ ಎಡಗೈಯಲ್ಲೇ ಸ್ಟೀರಿಂಗು ಹಿಡಿದಳು. ಆ ರಸ್ತೆಯ ಒಂದೊಂದು ತಿರುವೂ ಆಕೆಗೆ ಕಂಠಪಾಠ. ಆದರೆ ಆಕೆ ಶೆಡ್ಡಿನಲ್ಲಿ ಯಾವಾಗಲೂ ಒಬ್ಬಳೇ ಓಡಿಸಿದ್ದು. ಈಗ ಪಕ್ಕದಿಂದ ಒಂದು ಹಳದಿ ಕಾರು ನುಗ್ಗಿ ಬಂತು, ಸೀದಾ ಬಂದು ಆಕೆಯ ಕಾರಿಗೆ ಗುದ್ದಿ ಹೊಲಕ್ಕೆ ತಳ್ಳಿತು.

"ಮೇಷ್ಟ್ರೇ!"

"ದಾರಿ ಗೊತ್ತಿದ್ದೋರು ಮುಂದೆ ಹೋಗ್ತಾರೆ" ಎಂದರು ಮೇಷ್ಟ್ರು ಪರದೆಯಿಂದ ಕಣ್ಣು ತೆಗೆಯದೆ.

ಬಟ್ಟೆ ಹಾಕಿ ಕೂತಿದ್ದ ನಾಲ್ಕಾರು ಜನ ಹಿಂದೆ ಬಂದು ನಿಂತಿದ್ದರು. ಯಾರೋ ಸಿಳ್ಳೆ ಹಾಕಿದರು. ಅಕ್ಕ ಸೋತಳು, ಸೋತೂ ಎದ್ದು ಬರಲಿಲ್ಲ. ಇನ್ನೊಂದಾಟ ಎಂದಳು.

ಆದರೆ ಮೆಷಿನ್ನು ಇಟ್ಟ ಮಾತ್ರಕ್ಕೆ ಆಯಿತೇ? ಹಳೇ ಮೆಷಿನ್ನು ಕೆಡುತ್ತದೆ. ಆಕೆಯ ಕೈ ಪಟ್ಟಿಯಲ್ಲಿದೆ, ಮೇಷ್ಟ್ರು ಭಾರ ಎತ್ತುವ ಹಾಗಿಲ್ಲ. ಲಾಂಡ್ರಿಯ ಯಜಮಾನಿ ಮೆಕ್ಯಾನಿಕಮ್ಮನ ಕಡೆ ನೋಡಿದಳು. ಮೆಕ್ಯಾನಿಕಮ್ಮ, "ಮೋಟ್ರು, ಬೆಲ್ಟು, ಪಂಪು ಅಂದ್ರೆ ನಾನು ರೆಡಿ. ಈ ಗಾಜಿನ ಬುರುಡೆ ಕಂಡ್ರೆ ಮಾತ್ರ ಭಯ" ಅಂದಳು.

"ಭಯ ಇದ್ರೆ ಒಳ್ಳೇದು. ಭಯ ಇಲ್ದೋರಿಗೆ ನಾನು ಕಲಿಸಲ್ಲ" ಅಂದಳು ಅಕ್ಕ.

ಹಾಗೆ ಶುರುವಾಯಿತು ಬಾಯಿಮಾತಿನ ರಿಪೇರಿ. ಅಕ್ಕ ಸ್ಟೂಲಿನ ಮೇಲೆ, ಮೆಕ್ಯಾನಿಕಮ್ಮ ಮೆಷಿನ್ನಿನ ಹಿಂದೆ. ಪ್ಲಗ್ಗು ಕಿತ್ತ ಮೇಲೂ ಟ್ಯೂಬಿನೊಳಗೆ ಕರೆಂಟು ಹೊಂಚು ಹಾಕಿ ಕೂತಿರುತ್ತದೆ. ಮೆಷಿನ್ನಿನ ಲೋಹದ ಚೌಕಟ್ಟಿಗೆ ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಟ್ಯೂಬಿನ ಮೇಲಿರುವ ರಬ್ಬರು ಟೋಪಿಯ ಅಡಿಗೆ ತೂರಿಸಿ ಮೊದಲು ಅದನ್ನು ಇಳಿಸಬೇಕು, ಆಗ ಇನ್ನೊಂದು ಕೈ ಬೆನ್ನ ಹಿಂದೆ ಇರಬೇಕು. "ಬೆನ್ನ ಹಿಂದೆ! ಸೊಂಟದ ಮೇಲಲ್ಲ, ಬೆನ್ನ ಹಿಂದೆ!" ಟಪ್ ಎಂದು ಸದ್ದಾದಾಗ ಇಬ್ಬರೂ ಬೆಚ್ಚಿದರು, ಆಮೇಲೆ ಇಬ್ಬರೂ ಉಸಿರು ಬಿಟ್ಟರು.

ಕಲಿಸುವುದು ಅಕ್ಕನಿಗೆ ಸುಲಭವಾಗಿರಲಿಲ್ಲ. ನಲವತ್ತು ವರ್ಷ ಕೈ ತಾನಾಗಿ ಮಾಡಿದ್ದಕ್ಕೆ ಆಕೆಯ ಹತ್ತಿರ ಹೆಸರೇ ಇರಲಿಲ್ಲ. "ಅದನ್ನ ಸ್ವಲ್ಪ ಹಾಗೆ ಮಾಡು" ಅಂದರೆ ಎದುರಿನವಳಿಗೆ ಏನು ತಿಳಿಯಬೇಕು? ಸಿಟ್ಟು ಬರುತ್ತಿತ್ತು. ಒಂದು ದಿನ ಮೆಕ್ಯಾನಿಕಮ್ಮ ತಿರುಗಿ ಬಿದ್ದಳು. "ನೋಡಿ ಅಕ್ಕ, ಕೂಗಿದ್ರೆ ನಂಗೆ ತಲೆಗೆ ಹೋಗಲ್ಲ. ಯಾಕೆ ಅಂತ ಹೇಳಿ, ಹೋಗುತ್ತೆ." ಅಕ್ಕ ಮುನಿಸಿಕೊಂಡು ಮನೆಗೆ ಹೋದಳು. ಮಾರನೇ ದಿನ ಬಂದು, ಯಾಕೆ ಅಂತ ಹೇಳಲು ಶುರುಮಾಡಿದಳು. ಹೇಳುತ್ತ ಹೇಳುತ್ತ ಕೆಲವಕ್ಕೆ ತನಗೂ ಕಾರಣ ಗೊತ್ತಿಲ್ಲ ಎಂಬುದು ಆಕೆಗೆ ಅರಿವಾಯಿತು.

ಎಲ್ಲ ಮೆಷಿನ್ನೂ ಉಳಿಯಲಿಲ್ಲ, ಉಳಿಯಿತು ಎಂದರೆ ಸುಳ್ಳಾಗುತ್ತದೆ. ಇಬ್ಬರದ್ದೂ ಸೇರಿ ಹನ್ನೊಂದು ಲಾಂಡ್ರಿಯ ಹಾಲು ಸೇರಿದವು. ತೀರಾ ಕೆಟ್ಟವನ್ನು ಬಿಚ್ಚಿ, ಅವುಗಳ ಟ್ಯೂಬು, ಗುಂಡಿ, ತಂತಿಗಳನ್ನು ಬಿಡಿಭಾಗವಾಗಿ ಡಬ್ಬಿಗಳಲ್ಲಿ ತುಂಬಿಟ್ಟರು. ಕೆಲವು ಬೋರ್ಡುಗಳನ್ನು ಆ ವ್ಯಾಪಾರಿಯೇ ಒಯ್ದ. ಗೆದ್ದಲು ತಿಂದದ್ದರ ಪೆಟ್ಟಿಗೆ ನಿಜಕ್ಕೂ ಸೌದೆಯಾಯಿತು. ಅವತ್ತು ಅಕ್ಕ ಹೊರಗೆ ಬರಲಿಲ್ಲ, ತಮ್ಮನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು.

ಪಟ್ಟಿ ಬಿಚ್ಚಿದ ಮೇಲೂ ಅಕ್ಕನ ಬೆರಳುಗಳಿಗೆ ಮೊದಲಿನ ಹಿಡಿತ ಬರಲಿಲ್ಲ. ಇನ್ನು ಇಷ್ಟೇ ಎಂದರು ಡಾಕ್ಟರು. ಲಾಂಡ್ರಿಯಲ್ಲಿ ಈಗ ಬಟ್ಟೆ ಇಲ್ಲದವರೂ ಬರುತ್ತಿದ್ದರು. ಮೇಷ್ಟ್ರು ಸಂಜೆ ಹೊತ್ತು ಹಳದಿ ಕಾರಿನಲ್ಲಿ ಕೂತು ಬಂದವರನ್ನೆಲ್ಲ ಸೋಲಿಸುತ್ತಿದ್ದರು, ಆಗಾಗ ಸೋಲುತ್ತಲೂ ಇದ್ದರು. ಮೆಕ್ಯಾನಿಕಮ್ಮ ತನ್ನ ಗೆಳತಿಯೊಬ್ಬಳನ್ನು ಜೊತೆಗೆ ಸೇರಿಸಿಕೊಂಡಳು. ಅವಳು ಲಿಫ್ಟು ರಿಪೇರಿಯವಳು, ಬೋರ್ಡಿನ ಕೆಲಸ ಬಲ್ಲವಳು. ಅಕ್ಕ ದಿನಾ ಹೋಗುತ್ತಿದ್ದದ್ದು ವಾರಕ್ಕೆರಡು ಸಲವಾಯಿತು. ಮೊದಲು ಇದರಿಂದ ಎದೆ ಚುರುಕ್ ಎಂದಿತು. ಆಮೇಲೆ ನಿದ್ದೆ ಚೆನ್ನಾಗಿ ಬರತೊಡಗಿತು.

ಒಂದು ಬೆಳಿಗ್ಗೆ ಆಕೆ ತಿಂಡಿಗೆ ಕೂತಿದ್ದಾಗ ಫೋನು ಬಂತು.

"ಅಕ್ಕ, ವಿಮಾನದ ಆಟ ಇದೆಯಲ್ಲ, ಅದರಲ್ಲಿ ಚಿತ್ರ ತಲೆಕೆಳಗಾಗಿ ಬರ್ತಿದೆ. ಅದೂ ಅರ್ಧ ಮಾತ್ರ. ಮಿಕ್ಕರ್ಧ ಸರಿಯಾಗಿದೆ" ಎಂದಳು ಮೆಕ್ಯಾನಿಕಮ್ಮ. "ಇದೇನು ಕಾಯಿಲೆ?"

ಅಕ್ಕ ಲೋಟ ಕೆಳಗಿಟ್ಟಳು. ಯೋಚಿಸಿದಳು, ಇನ್ನೊಂದು ಸಲ ಯೋಚಿಸಿದಳು.

"ನಂಗೂ ಗೊತ್ತಿಲ್ಲ ಕಣೇ" ಎಂದಳು. "ಇಂಥದ್ದು ನಾನು ಕಂಡೇ ಇಲ್ಲ. ಬಿಚ್ಚಬೇಡ, ಬಂದೆ. ನಿನ್ನ ಗೆಳತಿಗೂ ಹೇಳು, ಮೂರು ಜನ ಸೇರಿ ನೋಡೋಣ."

ವ್ಯಾನಿನ ಬೀಗದ ಕೈಯನ್ನು ತಮ್ಮ ಹುಡುಕುವಷ್ಟರಲ್ಲಿ ಆಕೆ ಚಪ್ಪಲಿ ಮೆಟ್ಟಿ ಬೀದಿಗಿಳಿದಾಗಿತ್ತು.