ಎರಡು ಪೀಸಿನ ಒಂದು ಪ್ಯಾಂಟು

ಪ್ಯಾಂಟಿನ ಕೆಳಬಾಯಿಯ ಅಗಲ ಹನ್ನೊಂದೂವರೆ ಇಂಚು. ಟೇಪು ಹಿಡಿದು ನಾನೇ ಎರಡು ಸಲ ಅಳೆದೆ. ನಾನು ಪುಣೆ ಹತ್ತಿರದ ತಳೇಗಾಂವದ ಒಂದು ವಾಲ್ವ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ, ಅಳೆಯದೆ ಮಾತಾಡುವವನಲ್ಲ. ನನ್ನ ಪ್ಯಾಂಟುಗಳದು ಎಂಟು ಇಂಚು.

"ಇದು ಪ್ಯಾಂಟೇನಲೇ, ಎರಡು ಲಂಗ ಕೂಡಿಸಿದ್ದೇನು?" ಎಂದು ಮಗ ಸಂಜುವನ್ನು ಕೇಳಿದೆ.

"ಬ್ಯಾಗಿ, ಅಪ್ಪಾ. ಈಗ ಎಲ್ಲಾರೂ ಇದನ್ನ ಹಾಕ್ಕೋತಾರ."

ಅವನಿಗೆ ಹದಿನಾರು. ಎರಡು ವರ್ಷದ ಹಿಂದೆ ಎಲ್ಲಾರೂ ಹಾಕಿಕೊಳ್ಳುತ್ತಿದ್ದ ಪ್ಯಾಂಟು ಎಷ್ಟು ಬಿಗಿಯಾಗಿತ್ತೆಂದರೆ, ಹಾಸಿಗೆಯ ಮೇಲೆ ಅಂಗಾತ ಮಲಗಿ ಅದನ್ನು ಏರಿಸಿಕೊಳ್ಳಬೇಕಿತ್ತು. ಅಂಥ ನಾಲ್ಕಕ್ಕೆ ಹಣ ಕೊಟ್ಟವನು ನಾನು. ಅವು ಈಗಲೂ ಕಪಾಟಿನಲ್ಲಿವೆ, ಗಟ್ಟಿಮುಟ್ಟಾಗಿ, ಯಾರಿಗೂ ಬೇಡವಾಗಿ. ಹೀಗಾಗಿ ಏಪ್ರಿಲ್‌ನಲ್ಲಿ ಅವನು ಸಾವಿರದ ಎಂಟುನೂರ ತೊಂಬತ್ತೊಂಬತ್ತು ರೂಪಾಯಿಯ ಅಗಲ ಜೀನ್ಸ್ ಕೇಳಿದಾಗ ಆಗುವುದಿಲ್ಲ ಎಂದಿದ್ದೆ. "ಮಾಮಾ ಕೊಟ್ಟ ಅರಿವಿ ಅದ. ಅದರಾಗ ಹ್ಯಾಂಗ ಬೇಕಾದ್ರ ಹಂಗ ಹೊಲಿಸ್ಕೋ. ಹೊಲಿಗಿದಷ್ಟ ನಾ ಕೊಡ್ತೀನಿ," ಎಂದೂ ಹೇಳಿದ್ದೆ. ಆ ಮಾತು ಆಡಬಾರದಿತ್ತು.

ಮಾಮಾ ಎಂದರೆ ನನ್ನ ಹೆಂಡತಿ ತ್ರಿವೇಣಿಯ ತಮ್ಮ ಸಂಕಪ್ಪ. ತಳೇಗಾಂವದಲ್ಲಿ ಮನೆ ಕಟ್ಟಿಸಿದ್ದಾನೆ; ಗೃಹಪ್ರವೇಶ ಮರುದಿನ, ಭಾನುವಾರ. ತಿಂಗಳ ಮೊದಲೇ ಚಿಂಚವಡದ ನಮ್ಮ ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಕನಿಗೆ ಸೀರೆ, ನನಗೂ ಸಂಜುವಿಗೂ ಒಂದೇ ತಾನಿನ ಬೂದುಬಣ್ಣದ ಪ್ಯಾಂಟ್ ಪೀಸು ಉಡುಗೊರೆ ಕೊಟ್ಟು ಆಯೇರಿ ಮಾಡಿ ಹೋಗಿದ್ದ. ಕೊಟ್ಟದ್ದನ್ನು ಹೊಲಿಸಿ ಆ ದಿನ ಹಾಕಿಕೊಂಡೇ ಹೋಗಬೇಕು. ಅವರ ಮನೆತನದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಹಿಂದೊಮ್ಮೆ ಅವನ ಮಗಳ ತೊಟ್ಟಿಲ ಕಾರ್ಯಕ್ಕೆ ನಾನು ಬೇರೆ ಅಂಗಿ ತೊಟ್ಟು ಹೋಗಿದ್ದೆ. ಅವನು ಜಗಳವಾಡಲಿಲ್ಲ. ಎರಡು ವರ್ಷ ನಾಗಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರಲಿಲ್ಲ, ಅಷ್ಟೇ. ಆ ಎರಡೂ ಪಂಚಮಿಗೆ ತ್ರಿವೇಣಿ ಉಂಡಿ ಕಟ್ಟಲಿಲ್ಲ.

"ನಿಂದು ಬಂತು. ನಂದು ಎಲ್ಲದ?" ಎಂದು ಸಂಜುವನ್ನು ಕೇಳಿದೆ.

ಅವನು ಮೊಬೈಲ್ ನೋಡತೊಡಗಿದ.

ನನ್ನ ಪೀಸೂ ಅವನ ಪ್ಯಾಂಟಿನಲ್ಲೇ ಸೇರಿಹೋಗಿತ್ತು. ಎರಡೂ ಪೀಸುಗಳನ್ನೂ, ಅಳತೆಗೆಂದು ನನ್ನ ಹಳೆಯ ಪ್ಯಾಂಟನ್ನೂ ಒಂದೇ ಚೀಲದಲ್ಲಿ ಹಾಕಿ ಅವನ ಕೈಯಲ್ಲಿ ಕಳುಹಿಸಿದವನು ನಾನೇ. ಟೇಲರ್ ರಾಘಣ್ಣನಿಗೆ ಫೋನ್ ಮಾಡಿದೆ. ಅವನು ಗೋಕಾಕದವನು, ಇಪ್ಪತ್ತು ವರ್ಷದ ಪರಿಚಯ.

"ಸಾಹೇಬ್ರ, ಒಂದು ಮೀಟರ್ ಇಪ್ಪತ್ತರಾಗ ಅದು ಕೂಡೂದಿಲ್ರಿ. ನಿಮ್ಮ ಹುಡುಗ, ಎರಡೂ ಪೀಸ್ ಹಾಕ್ರಿ, ಹ್ಯಾಂಗ ಬೇಕಾದ್ರ ಹಂಗ ಹೊಲಿಸ್ಕೋ ಅಂತ ಅಪ್ಪಾನ ಹೇಳ್ಯಾರ ಅಂದ. ಸೊಂಟಾನೂ ನಿಮ್ಮ ಹಳೇ ಪ್ಯಾಂಟಿಂದ ಹಿಡೀರಿ, ಲೂಸ್ ಬೇಕು ಅಂದ."

"ಉಳದದ್ದು?"

"ಮುಕ್ಕಾಲು ಮೀಟರ್ ಉಳದದ. ನಿಮಗೊಂದು ಚಡ್ಡಿ ಆಗ್ತದ ನೋಡ್ರಿ."

ಸಂಕಪ್ಪ ಆ ಬಟ್ಟೆಯನ್ನು ಬೆಳಗಾವಿಯಿಂದ ತಂದಿದ್ದ. ಶನಿವಾರ ಸಂಜೆ ಅಂಥದ್ದೇ ಹುಡುಕಿ ಹೊಲಿಸುವುದು ಆಗದ ಮಾತು.

ತ್ರಿವೇಣಿ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು, ಪ್ಯಾಂಟನ್ನು ಎತ್ತಿ ನನ್ನ ಸೊಂಟಕ್ಕೆ ಹಿಡಿದಳು.

"ಬರೋಬ್ಬರಿ ಅದ. ನೀವ ಹಾಕ್ಕೋರಿ."

"ನಾನಾ? ಐವತ್ತೊಂದು ವರ್ಷದವ?"

"ಸಂಕಪ್ಪ ಸಂಜುನ್ನ ಹುಡುಗ ಅಂತ ಬಿಡ್ತಾನ. ನಿಮ್ಮನ್ನ ಬಿಡೂದಿಲ್ಲ. ಈ ಸಲಾನೂ ಪಂಚಮಿಗೆ ನಾ ಬಾಗಲಾ ನೋಡ್ಕೋತ ಕೂಡ್ಲೇನು?"

ಪ್ಯಾಂಟು ಏರಿಸಿಕೊಂಡು ನೋಡಿದೆ. ಉದ್ದ ಎರಡು ಇಂಚು ಹೆಚ್ಚಿತ್ತು. ಅವಳು ಅದನ್ನು ಒಳಕ್ಕೆ ಮಡಿಚಿ ಕೈಹೊಲಿಗೆ ಹಾಕತೊಡಗಿದಳು.

"ಮಮ್ಮಿ, ಅದು ಬೂಟಿನ ಮ್ಯಾಲ ಬೀಳೂ ಫಾಲ್ ಹೋಗ್ತದ!" ಎಂದು ಸಂಜು ಕೂಗಿದ.

"ಬಾಯಿ ಮುಚ್ಚು. ಇಲ್ಲಂದ್ರ ಅದಕ್ಕೂ ಹೊಲಿಗಿ ಹಾಕ್ತೀನಿ."

ಬೆಳಿಗ್ಗೆ ಲೋಕಲ್ ಟ್ರೇನಿಗೆ ಹೋದೆವು. ಪ್ಲಾಟ್‌ಫಾರ್ಮಿನ ಗಾಳಿಗೆ ನನ್ನ ಎರಡೂ ಕಾಲುಗಳು ಪಟಪಟ ಬಡಿದುಕೊಂಡವು. ಸಂಜುವಿಗೆ ಕಪಾಟಿನ ಬಿಗಿ ಪ್ಯಾಂಟನ್ನೇ ಹಾಕಿಸಿದ್ದೆ. ಅವನು ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಕಾಲೇಜಿನವರು ಯಾರಾದರೂ ಕಂಡಾರೆಂದು ನಮ್ಮಿಂದ ಎರಡು ಬೋಗಿ ದೂರ ಹೋಗಿ ನಿಂತ.

ಸಂಕಪ್ಪ ಹೊಸ ಮನೆಯ ಬಾಗಿಲಲ್ಲಿದ್ದ. ಮೊದಲು ನನ್ನ ಮುಖ ನೋಡಿದ, ಆಮೇಲೆ ಪ್ಯಾಂಟು. ನೋಟ ಕೆಳಬಾಯಿಯವರೆಗೆ ಹೋಗಿ ನಿಧಾನಕ್ಕೆ ಮೇಲೆ ಬಂತು. ಪಕ್ಕದಲ್ಲಿ ತ್ರಿವೇಣಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ಭಾವಾರ, ಅರಿವಿ ಸಾಲ್ತದೋ ಇಲ್ಲೋ ಅಂತ ಅಂಜಿದ್ದೆ. ಭಾಳ ಹಿಗ್ಗೇದಲ್ರಿ!" ಎಂದವನು ಸಂಜುವಿನತ್ತ ತಿರುಗಿದ. "ನಿಂದು ಎಲ್ಲದಲೇ ಅಳಿಯಾ?"

"ನಂದೂ ಅಪ್ಪನ ಪ್ಯಾಂಟಿನಾಗ ಅದ, ಮಾಮಾ. ನಾ ಜೀನ್ಸ್ ಕೇಳಿದ್ದೆ, ಕೊಡಸ್ಲಿಲ್ಲ."

ಸಂಕಪ್ಪನಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ. ಹಿಂದೆ ನಿಂತಿದ್ದ ಮೂವತ್ತು ಮಂದಿ ನೆಂಟರು, ಬೀಗರೂ ನಕ್ಕರು.

"ಅಕ್ಕಾ, ಪಂಚಮಿಗೆ ಕರಿಯಾಕ ಬರ್ತೀನಿ. ಭಾವಾರಿಗೆ ಮೂರು ಪೀಸ್ ತರ್ತೀನಿ. ಅಳಿಯಾನ ಜೀನ್ಸೂ ನಾನ ಕೊಡಸ್ತೀನಿ."

ತ್ರಿವೇಣಿಯ ಮುಷ್ಟಿ ಸಡಿಲವಾಯಿತು. ಅಷ್ಟು ಜನ ಬೀಗರ ಮುಂದೆ ನನಗೆ ಉಳಿದದ್ದು ಒಂದೇ ದಾರಿ.

"ಬ್ಯಾಡ, ಸಂಕಪ್ಪ. ನಾಳೆ ನಾನ ಕೊಡಸ್ತೀನಿ."

ಸಂಜು ಆಗಲೇ ಮೊಬೈಲ್ ತೆಗೆದಿದ್ದ. "ರೇಟ್ ಏರೇದ, ಅಪ್ಪಾ. ಎರಡು ಸಾವಿರದ ತೊಂಬತ್ತೊಂಬತ್ತು."

"ಕೆಳಬಾಯಿ ಎಷ್ಟದ?"

"ಹನ್ನೆರಡು ಇಂಚು."