ಬೆಟ್ಟದ ಹೋಟೆಲಿನ ಟ್ರೆಡ್‌ಮಿಲ್

ಹೋಟೆಲುಗಳ ಜಿಮ್ಮಿಗೆ ಅಂಕ ಕೊಡುವುದು ನನ್ನ ಕೆಲಸ. ಬೇರೆಯವರ ಖರ್ಚಿನಲ್ಲಿ ಬೆವರು ಸುರಿಸುವ ಉದ್ಯೋಗ ಎಂದು ಅಮ್ಮ ಹಂಗಿಸುತ್ತಾಳೆ. ಈ ಸಲ ಬೆಟ್ಟದ ನೆತ್ತಿಯ ಐಷಾರಾಮಿ ಹೋಟೆಲಿಗೆ ತಂಗಿಯನ್ನೂ ಎಳೆದುಕೊಂಡು ಹೋದೆ. ಅವಳು ಓಟಗಾರ್ತಿ. ಹೋದ ವರ್ಷ ಪಂದ್ಯದ ನಡುವೆ ಬಿದ್ದು ಮಂಡಿಗೆ ಪೆಟ್ಟಾದ ಮೇಲೆ ಓಡಿಯೇ ಇಲ್ಲ. ಮಂಡಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿಯಾಗಿದೆ, ಹೆದರಿಕೆ ಮಾತ್ರ ವಾಸಿಯಾಗಿಲ್ಲ. ಅವಳು ಮತ್ತೆ ಓಡುವುದನ್ನು ನೋಡಬೇಕೆಂದು ನನಗೆ ಆಸೆ. ಬಾಯಿಬಿಟ್ಟರೆ ಸಿಡುಕುತ್ತಾಳೆ.

ಜಿಮ್ಮಿನ ಬಾಗಿಲು ತೆರೆದಾಗ ನನ್ನ ಮೈ ಜುಮ್ಮೆಂದಿತು. ಒಂದು ಗೋಡೆ ಪೂರ್ತಿ ಗಾಜು, ಅದರಾಚೆ ಹಿಮದ ಶಿಖರಗಳು. ಪಕ್ಕದ ಬಿಸಿನೀರಿನ ಕೊಳದಿಂದ ಹಬೆ ಏಳುತ್ತಿತ್ತು. ಹೋಟೆಲಿನ ಮ್ಯಾನೇಜರ್, ಮಗನನ್ನು ಪರೀಕ್ಷೆಗೆ ಕೂರಿಸಿದ ಅಪ್ಪನಂತೆ ಹಿಂದೆ ಮುಂದೆ ಸುಳಿಯುತ್ತಿದ್ದರು. ನನಗೋ ತಡೆಯಲಾಗಲಿಲ್ಲ. ಕಾರಿನಿಂದ ಇಳಿದವಳು ಕೂತು ಸುಧಾರಿಸಿಕೊಳ್ಳದೆ ಟ್ರೆಡ್‌ಮಿಲ್ ಹತ್ತಿ ವೇಗ ಏರಿಸಿಬಿಟ್ಟೆ. ಸ್ವಲ್ಪ ಹೊತ್ತಿಗೇ ಪರದೆಯಲ್ಲಿ ನಾಡಿಬಡಿತ ಗಗನಕ್ಕೇರಿತು.

"ಈ ಮೀಟರ್ ಕೆಟ್ಟಿದೆ," ಎಂದೆ ಕೆಳಗಿಳಿದು, ಏದುಸಿರಿನಲ್ಲಿ.

ಮ್ಯಾನೇಜರ್ ಮುಖ ಸಪ್ಪಗಾಯಿತು. ತಂಗಿ ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು.

"ಮೀಟರ್ ಸರಿಯಾಗೇ ಇದೆ ಅಕ್ಕಾ. ಇಷ್ಟು ಎತ್ತರಕ್ಕೆ ಬಂದ ತಕ್ಷಣ ನುಗ್ಗಿದ್ರೆ ಇನ್ನೇನಾಗುತ್ತೆ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಊರೂರು ಸುತ್ತಿ ಜಿಮ್ಮು ಪರೀಕ್ಷಿಸುವ ನನಗೆ ಮಾತು ಚೆನ್ನಾಗಿಯೇ ನಾಟಿತು. ಆದರೆ ಟ್ರೆಡ್‌ಮಿಲ್ಲಿನ ಪಟ್ಟಿ ಕಾಲಡಿ ಜಾರುತ್ತದೆಯೇ, ಮೋಟಾರು ಬಿಸಿಯಾಗುತ್ತದೆಯೇ ಎಂದು ತಿಳಿಯಲು ಯಾರಾದರೂ ಬಿಡದೆ ಓಡಲೇಬೇಕು. ನನ್ನಿಂದಂತೂ ಇನ್ನು ಓಡಲಾಗದು.

"ನಾನು ಓಡ್ಲಾ ಮೇಡಂ?" ಎಂದು ಮ್ಯಾನೇಜರ್ ಟೈ ಸಡಿಲಿಸಿದರು.

ತಂಗಿ ಅವರ ಹೊಟ್ಟೆ ನೋಡಿದಳು. "ಬೇಡ ಸಾರ್, ಆಮೇಲೆ ನಿಮ್ಮನ್ನ ಹೊತ್ಕೊಂಡು ಬೆಟ್ಟ ಇಳಿಯೋರು ಯಾರು?" ಎನ್ನುತ್ತ ತಾನೇ ಹತ್ತಿದಳು.

ಮೊದಲು ನಡೆದಳು. ಎರಡೂ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು, ಕಣ್ಣು ಮಂಡಿಯ ಮೇಲೇ ಇತ್ತು. ವೇಗ ತುಸು ಏರಿಸಿದಳು. ಮತ್ತೆ ಏರಿಸಿ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದನ್ನೂ ಬಿಟ್ಟಳು. ಓಡುತ್ತಿದ್ದಳು, ನನ್ನ ತಂಗಿ ಓಡುತ್ತಿದ್ದಳು. ಖುಷಿಗೆ ಕಣ್ಣು ತುಂಬಿ, ಪಟ್ಟಿ ಜಾರಿತೋ ಇಲ್ಲವೋ ನನಗೆ ಕಾಣಲೇ ಇಲ್ಲ.

ಇಳಿದಾಗ ಅವಳ ಮುಖ ಕೆಂಪೇರಿತ್ತು. ಹೇಗಿದೆ ಎಂದು ಮ್ಯಾನೇಜರ್ ಅಂಜುತ್ತ ಕೇಳಿದರು.

"ಪಟ್ಟಿ ಜಾರಲ್ಲ, ಮೋಟಾರೂ ಬಿಸಿಯಾಗಿಲ್ಲ. ಆದ್ರೆ ಎಷ್ಟು ಓಡಿದ್ರೂ ಇದ್ದಲ್ಲೇ ಇರ್ತೀವಲ್ಲ ಸಾರ್." ಗಾಜಿನಾಚೆಯ ಕಾಲುದಾರಿಗೆ ಕೈ ತೋರಿಸಿದಳು. "ಅದು ಎಲ್ಲಿಗೆ ಹೋಗುತ್ತೆ?"

"ಬೆಟ್ಟ ಸುತ್ಕೊಂಡು ವಾಪಸ್ ಇಲ್ಲಿಗೇ ಬರುತ್ತೆ."

"ಅಕ್ಕಾ, ನೀನು ಅಂಕ ಹಾಕ್ತಿರು," ಎಂದವಳೇ ಹೊರಟಳು.

ನಿಧಾನವಾಗಿ ಹೋಗು ಎಂದು ಹೇಳಲು ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಮೊದಲ ತಿರುವು ದಾಟಿದ್ದಳು.